ಹುಣ್ಣಿಮೆ ರಾತ್ರಿ, ಕೊಂಬಿಗೆ ಕೊಂಬು

ಸೆಪ್ಟೆಂಬರಿನ ಹುಣ್ಣಿಮೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಲಾಮಾರ್ ಕಣಿವೆ. ಹುಲ್ಲಿನ ಎಸಳೆಸಳೂ ಎಣಿಸುವಷ್ಟು ಬೆಳದಿಂಗಳು. ಇದ್ದಕ್ಕಿದ್ದಂತೆ ಮರಗಳ ಅಂಚಿನಿಂದ ಒಂದು ಕೂಗು! ಗುಟುರಾಗಿ ಹೊರಟು, ಸಿಳ್ಳೆಯಾಗಿ ಮೇಲೇರಿ, ಉಬ್ಬಸದಲ್ಲಿ ಕುಸಿಯುತ್ತದೆ. ಗಂಡು ಎಲ್ಕ್. ನಮ್ಮ ಕಡವೆಯ ಬಳಗ. ಮುನ್ನೂರು ಕಿಲೋ ಮೈ, ತಲೆಯ ಮೇಲೆ ಸುಮಾರು 13 ಕಿಲೋ ಕೊಂಬು.

ಸುತ್ತ ಹೆಣ್ಣುಗಳ ಹಿಂಡು. ಒಂದೊಂದು ಹೆಣ್ಣೂ ಗಂಡನ್ನು ಒಪ್ಪುವುದು ಒಂದು ದಿನಕ್ಕಿಂತ ಕಡಿಮೆ ಹೊತ್ತು. ಆ ಗಳಿಗೆ ಜಾರಿದರೆ ಮತ್ತೆ ಮೂರು ವಾರ. ಹಾಗಾಗಿ ಗಂಡಿಗೆ ಸರಿಯಾದ ಮೇವಿಲ್ಲ, ನೆಮ್ಮದಿಯ ನಿದ್ದೆಯಿಲ್ಲ. ಒಂದು ಹೆಣ್ಣು ಪಕ್ಕಕ್ಕೆ ಸರಿಯಿತು, ಓಡು! ಅಡ್ಡಗಟ್ಟು! ಅಷ್ಟರಲ್ಲಿ ಎದುರು ಗುಡ್ಡದಿಂದ ಮರುಕೂಗು. ಎದುರಾಳಿ ಇಳಿದು ಬಂದೇ ಬಿಟ್ಟಿತು. ಎರಡೂ ಜೊತೆಜೊತೆಯಾಗಿ ಹೆಜ್ಜೆ ಹಾಕುತ್ತ ಒಂದನ್ನೊಂದು ಅಳೆಯುತ್ತವೆ. ಯಾವುದೂ ಹಿಂಜರಿಯದು. ಧಡಾರ್! ಕೊಂಬಿಗೆ ಕೊಂಬು ಸಿಕ್ಕಿತು. ಗೊರಸಿನಡಿ ಮಣ್ಣು ಕಿತ್ತು ಹಾರುತ್ತಿದೆ. ಒಂದು ಕಾಲು ಜಾರಿದರೆ ಸಾಕು, ಮೊನೆ ಪಕ್ಕೆಯೊಳಗೆ.

ಈ ಹುಚ್ಚನ್ನು ಹುಣ್ಣಿಮೆಯೇ ಏರಿಸುತ್ತದೆ ಎನ್ನುವ ಬೇಟೆಗಾರರಿದ್ದಾರೆ. ನಾನು ಒಪ್ಪುವುದಿಲ್ಲ. ಬೆದೆಯನ್ನು ಎಬ್ಬಿಸುವವನು ಸೂರ್ಯ. ಹಗಲು ಕುಗ್ಗಿ ಇರುಳು ಹಿಗ್ಗಿದಂತೆ ಮಿದುಳಿನಲ್ಲಿ ಮೆಲಟೋನಿನ್ ಹೆಚ್ಚು ಹೊತ್ತು ಸುರಿಯುತ್ತದೆ, ಅದರ ಬೆನ್ನಿಗೆ ಟೆಸ್ಟೋಸ್ಟೆರೋನ್ ಉಕ್ಕುತ್ತದೆ. ಗರ್ಭ ಎಂಟು ತಿಂಗಳಿಗೂ ಮಿಕ್ಕು. ಮರಿ ಬೀಳಬೇಕಾದದ್ದು ಮೇ ಕೊನೆ, ಜೂನ್ ಹೊತ್ತಿಗೆ, ಹಸಿರು ಚಿಗುರಿದಾಗ. ಚಂದ್ರನನ್ನು ನಂಬಿದ್ದರೆ ಬೆದೆಯೂ ನಮ್ಮ ಗೌರಿ ಹಬ್ಬದಂತೆ ವರ್ಷವರ್ಷ ಹಿಂದೆ ಮುಂದೆ ಜಾರುತ್ತಿತ್ತು. ಆಗ ಮರಿಗಳ ಗತಿ? ಅಮಾವಾಸ್ಯೆಯ ಕಗ್ಗತ್ತಲಲ್ಲೂ ಇವು ಹೀಗೇ ಕೂಗುತ್ತವೆ. ಬೆಳದಿಂಗಳು ಕಾದಾಟವನ್ನು ನಮ್ಮ ಕಣ್ಣಿಗೆ ಬೀಳಿಸುತ್ತದೆ, ಅಷ್ಟೆ.

ಅಗೋ, ಎದುರಾಳಿ ಕುತ್ತಿಗೆ ತಿರುವಿತು, ಕೊಂಬು ಬಿಡಿಸಿಕೊಂಡಿತು, ಓಡಿತು! ಗೆದ್ದದ್ದು ನಿಂತಲ್ಲೇ ಏದುಸಿರು ಬಿಡುತ್ತಿದೆ. ಬೇಸಿಗೆಯಿಡೀ ಕೂಡಿಟ್ಟ ಕೊಬ್ಬು ಕರಗಿ ಪಕ್ಕೆ ಒಳಸೇರಿದೆ. ದೂರದಲ್ಲಿ ಊಳು. 1995ರಲ್ಲಿ ಕೆನಡಾದಿಂದ ತಂದು ಬಿಟ್ಟ ತೋಳಗಳ ಸಂತತಿ ಈ ಕಣಿವೆಯಲ್ಲೇ ಇದೆ. ದಣಿದ ಗಂಡನ್ನು ಅವು ಗುರುತಿಸಬಲ್ಲವು. ಮುಂದೆ ಹಿಮಗಾಲ ಬೇರೆ. ಆದರೂ ಅದು ತಲೆಯೆತ್ತಿ ಮತ್ತೆ ಕೂಗಿತು!

ಈ ಹೊತ್ತಿನಲ್ಲಿ ಅಲ್ಲಿಗೆ ಹೋಗುವವರೇ, ಫೋಟೊದ ಆಸೆಗೆ ಹತ್ತಿರ ಸುಳಿಯಬೇಡಿ. ಎಲ್ಕ್‌ನಿಂದ ಕನಿಷ್ಠ 23 ಮೀಟರ್ ದೂರವಿರಬೇಕೆಂಬುದು ಆ ಉದ್ಯಾನದ ನಿಯಮ.