ಅತ್ತಿಗೆಗೆ ರಜೆ ಯಾವಾಗ?

"ತವರಿಗೆ ಹೋಗಿ ಬಂದಿರಾ? ಚೆನ್ನಾಗಿ ವಿಶ್ರಾಂತಿ ಸಿಕ್ಕಿತೇ?"

2025ರ ದಸರಾ ರಜೆ ಮುಗಿಸಿ ಹಿರಿಯೂರಿಗೆ ಮರಳಿದ ಸಂಜೆ ಪಕ್ಕದ ಮನೆಯಾಕೆ ಹೀಗೆ ಕೇಳಿದರು. "ಹೂಂ, ಸಿಕ್ಕಿತು" ಅಂದುಬಿಟ್ಟೆ. ತವರಿಗೆ ಹೋಗಿ ಬಂದವಳು ಬೇರೆ ಏನು ಹೇಳಲಿಕ್ಕಾಗುತ್ತೆ ಹೇಳಿ? ಆದರೆ ಆ ವಿಶ್ರಾಂತಿ ನನಗೆ ಎಲ್ಲಿಂದ ಬರುತ್ತಿತ್ತು ಅನ್ನುವುದು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ತಿಳಿದದ್ದು ಆ ರಜೆಯಲ್ಲೇ. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳೋಣ ಅಂತ ಕೂತಿದ್ದೇನೆ.

ನನ್ನ ತವರು ಸಾಗರದ ಹತ್ತಿರ, ಇಕ್ಕೇರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಒಂದಿಷ್ಟು ಗದ್ದೆ, ಒಂದು ಚೂರು ಅಡಿಕೆ ತೋಟ, ಎರಡು ಹಸು. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ. ಅವರ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ನಮ್ಮ ಯಜಮಾನರು ಶಾಲಾ ಮಾಸ್ತರು. ಆ ಸಲ ಸೆಪ್ಟೆಂಬರ್ 22ರಿಂದ ಸರ್ಕಾರದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಗಿ, ಅವರಿಗೆ ಮನೆಮನೆ ತಿರುಗುವ ಕೆಲಸ ಬಿತ್ತು. "ನೀನು ಮಕ್ಕಳನ್ನ ಕರ್ಕೊಂಡು ಹೋಗು, ನನ್ನ ಅನ್ನ ನಾನು ಬೇಯಿಸ್ಕೋತೀನಿ" ಅಂದರು. ಆ ಧೈರ್ಯದ ಮಾತಿಗೆ ನಗು ಬಂತು. ನಕ್ಕರೆ ಹೋಗುವುದು ತಪ್ಪೀತು ಅಂತ ಸುಮ್ಮನಿದ್ದೆ.

ಹಿರಿಯೂರಿನಿಂದ ಚಿತ್ರದುರ್ಗ, ಅಲ್ಲಿಂದ ಶಿವಮೊಗ್ಗ, ಆಮೇಲೆ ಸಾಗರ. ಮೂರು ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನನಗೂ ಮಗಳಿಗೂ ಟಿಕೆಟ್ಟಿನ ಖರ್ಚಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ಶಿವಮೊಗ್ಗದಿಂದ ಮುಂದೆ ಸರ್ಕಾರಿ ಬಸ್ಸು ತಪ್ಪಿ ಖಾಸಗಿ ಬಸ್ಸು ಹತ್ತಿದೆವು, ಅಲ್ಲಿ ಪರ್ಸು ತೆಗೆಯಲೇಬೇಕಾಯಿತು. ಕುಂಸಿ ದಾಟಿ ಆನಂದಪುರ ಬರುವಷ್ಟರಲ್ಲಿ ಕಿಟಕಿಯಿಂದ ಒದ್ದೆ ಮಣ್ಣಿನ ವಾಸನೆ. ನಮ್ಮ ಬಯಲುಸೀಮೆಯ ಧೂಳು ಕುಡಿದ ಮೂಗಿಗೆ ಅದೇ ಅರ್ಧ ತವರು.

ಮೊದಲ ಎರಡು ವಾರ ನಾನು ನಿಜಕ್ಕೂ ರಾಣಿಯೇ. ಏಳು ಗಂಟೆಗೆ ಏಳುವುದು. ಎದ್ದರೆ ಹಂಡೆಯಲ್ಲಿ ಬಿಸಿನೀರು ಕುದಿಯುತ್ತಿರುತ್ತೆ. ಜಗಲಿಯಲ್ಲಿ ಕೂತರೆ ಕಾಫಿ ಬರುತ್ತೆ. ಆಮೇಲೆ ಬಿಸಿಬಿಸಿ ಕಡುಬು, ಮಧ್ಯಾಹ್ನಕ್ಕೆ ಒಂದೆಲಗದ ತಂಬುಳಿ. ಅವ್ವ ಪಕ್ಕದಲ್ಲಿ ಕೂತು, "ಇನ್ನೊಂದು ಹಾಕಿಸ್ಕೋ, ಅಲ್ಲಿ ನಿಂಗೆ ಮಾಡಿ ಹಾಕೋರು ಯಾರಿದ್ದಾರೆ?" ಅನ್ನುತ್ತಾಳೆ. ಇಲ್ಲಿ ಮಾಡಿ ಹಾಕುವವರು ಯಾರು ಅನ್ನುವ ಪ್ರಶ್ನೆ ನನಗೂ ಹೊಳೆಯಲಿಲ್ಲ, ಅವ್ವನಿಗೂ ಹೊಳೆಯಲಿಲ್ಲ.

"ಜೋಗ ನೋಡಿದಿರಾ?" ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಹುಟ್ಟೂರಿನವರಿಗೆ ಜೋಗವೆಂದರೆ ನೆಂಟರು ಬಂದಾಗ ಮಾತ್ರ ಹೋಗುವ ಜಾಗ! ಮಕ್ಕಳನ್ನು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಕೆಳದಿ ಅರಸರ ಕಾಲದ ಕಲ್ಲಿನ ದೇವಾಲಯ, ಮುಂದೆ ದೊಡ್ಡ ನಂದಿ. ಆ ಅರಸರ ತೋಟದ ಅಳತೆಗೆ ಈ ದೇವಸ್ಥಾನದ ನಡುಗಂಬಗಳ ಅಂತರವೇ ಪ್ರಮಾಣವಾಗಿತ್ತಂತೆ. ಅದು 18 ಅಡಿ 6 ಅಂಗುಲ. ಆ ಉದ್ದದ ಕೋಲಿನಿಂದ ತೋಟ ಅಳೆದು ಕಂದಾಯ ಕಟ್ಟುತ್ತಿದ್ದರು ಎಂದು ಹಳೆಯ ಗೆಜೆಟಿಯರ್‌ನಲ್ಲಿದೆ. ಮಗ ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ಅಳೆದ. ನಾನು ಬುತ್ತಿ ಬಿಚ್ಚಿದೆ. ಬುತ್ತಿ ಕಟ್ಟಿದ್ದು ಅತ್ತಿಗೆ.

ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ಬಯಲುಸೀಮೆಯ ಸೋದರಿಯರಿಗೆ ಇದು ಶೀಗಿ ಹುಣ್ಣಿಮೆ ಎಂದರೆ ತಿಳಿದೀತು. ನಮ್ಮ ಕಡೆ ಅದು ಭೂಮಿತಾಯಿಯ ಸೀಮಂತ. ಆಗ ಭತ್ತದ ಪೈರು ಹೊಡೆ ತುಂಬಿಕೊಂಡು ನಿಂತಿರುತ್ತೆ. ಬಸುರಿಗೆ ಬಯಕೆ ಊಟ ಬಡಿಸಬೇಡವೇ? ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಪುಂಡಿ ನಾರಿನ ಕುಂಚ ಹಿಡಿದು ಅತ್ತಿಗೆ ಗೆರೆ ಎಳೆಯುವುದನ್ನು ನೋಡಬೇಕು, ಕೈ ಒಂದು ಚೂರೂ ನಡುಗುವುದಿಲ್ಲ. ಹಗಲೆಲ್ಲ ಅಡಿಗೆ, ಹಸು, ಪಾತ್ರೆ ಮುಗಿಸಿ ರಾತ್ರಿ ಒಂಬತ್ತರ ಮೇಲೆ ಕೂತು ಬರೆಯುತ್ತಿದ್ದರು. ನನ್ನ ಮಗಳು ಪಕ್ಕ ಕೂತು ಕಲಿತಳು.

ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯ ಹೆಂಗಸರಿಗೆ ನಿದ್ದೆ ಇಲ್ಲ. ಕಡುಬು, ಕುಂಬಳಕಾಯಿ ಪಲ್ಯ, ಬಗೆಬಗೆಯ ಸೊಪ್ಪು ಕುಡಿಗಳನ್ನು ಸೇರಿಸಿ ಬೇಯಿಸಿದ್ದು, ಮೊಸರನ್ನ. ನಸುಕಿನಲ್ಲಿ ಅಣ್ಣ ಬುಟ್ಟಿ ಹೊತ್ತು ಹೋಗಿ ಗದ್ದೆಗೆ ಎಡೆ ಬೀರಿ ಬಂದ. ಬೆಳಕಾದ ಮೇಲೆ ಎಲ್ಲರೂ ಹೋಗಿ ಪೈರಿಗೆ ಅರಿಶಿನ ಕುಂಕುಮ ಹಚ್ಚಿ, ಬಳೆ ಇಟ್ಟು, ಪೂಜೆ ಮಾಡಿ, ಗದ್ದೆಯ ಅಂಚಿನಲ್ಲೇ ಉಂಡೆವು. "ಭೂಮಿತಾಯಿಗೂ ಬಸುರಿಯಲ್ಲಿ ಆಯಾಸ ಇರ್ತದೆ, ಇವತ್ತು ನೆಲಕ್ಕೆ ಗುದ್ದಲಿ ಹಾಕಬಾರದು" ಎಂದಳು ಅವ್ವ. ಅತ್ತಿಗೆ ನಮಗೆಲ್ಲ ಬಡಿಸುತ್ತಾ ನಿಂತೇ ಇದ್ದರು.

ನಾವು ಮಾರನೇ ದಿನ ಹೊರಡುವವರಿದ್ದೆವು. ಸಂಜೆ ಟಿ.ವಿ.ಯಲ್ಲಿ ಸುದ್ದಿ ಬಂತು. ಸಮೀಕ್ಷೆ ಮುಗಿಯದ ಕಾರಣ ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಕೆ! ಮಕ್ಕಳು ಕುಣಿದರು. ನಾನೂ ಒಳಗೊಳಗೇ ಕುಣಿದೆ. ಅತ್ತಿಗೆ, "ಒಳ್ಳೇದಾಯ್ತು, ಮಕ್ಕಳಿಗೆ ಖುಷಿ" ಅಂದರು. ಹಾಗೆ ಅನ್ನುತ್ತಾ ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿ ಒಳಗೆ ಹೋದರು.

ರಾತ್ರಿ ತಿಥಿ ನೋಡಲು ನಾನು ಆ ಕ್ಯಾಲೆಂಡರಿನ ಮುಂದೆ ನಿಂತೆ. 9, 10, 11, ಈ ಮೂರು ತಾರೀಖುಗಳ ಸುತ್ತ ಪೆನ್ಸಿಲ್ಲಿನಲ್ಲಿ ತೆಳುವಾಗಿ ಸುತ್ತು ಹಾಕಿತ್ತು. ಪಕ್ಕದಲ್ಲಿ ಸಣ್ಣಗೆ 'ತುಮರಿ' ಎಂದು ಬರೆದಿತ್ತು.

ತುಮರಿ ಅತ್ತಿಗೆಯ ತವರಿನ ಕಡೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಆ ಸೀಮೆ ಹಿನ್ನೀರಿನ ಆಚೆ ಉಳಿದುಹೋಯಿತು. ಅವರ ಅಜ್ಜಿಯ ಮನೆ, ಗದ್ದೆ ಎಲ್ಲ ನೀರಿನ ಅಡಿಗೆ. ನಾಡಿಗೆಲ್ಲ ದೀಪ ಬಂತು, ಅವರಿಗೆ ಲಾಂಚು ಬಂತು. ಲಾಂಚಿಗೆ ಕಾಯಬೇಕು, ಸಂಜೆಯಾದ ಮೇಲೆ ಅದೂ ಇಲ್ಲ. ಅತ್ತಿಗೆ ತವರಿಗೆ ಹೋಗುವ ಮಾತು ಬಂದಾಗಲೆಲ್ಲ ಅವ್ವ, "ಆ ಹೊಳೆ ದಾಟಿ ಹೋಗೋದು, ಬರೋದು, ಎರಡು ದಿನ ಅದಕ್ಕೇ ಬೇಕು. ಮಳೆಗಾಲ ಕಳೀಲಿ" ಅನ್ನುತ್ತಿದ್ದಳು. ಮಳೆಗಾಲ ಕಳೆದರೆ ಅಡಿಕೆ ಕೊಯ್ಲು, ಕೊಯ್ಲು ಮುಗಿದರೆ ಬೇಸಿಗೆ ರಜೆ. ಬೇಸಿಗೆ ರಜೆಗೆ ನಾನು ಬರುತ್ತೇನಲ್ಲ!

2025ರ ಜುಲೈ 14ರಂದು ಅಂಬಾರಗೊಡ್ಲು-ಕಳಸವಳ್ಳಿ ನಡುವೆ ಸೇತುವೆ ಉದ್ಘಾಟನೆ ಆಯಿತು. ಸಿಗಂದೂರು ಸೇತುವೆ ಅಂತಲೇ ಎಲ್ಲರ ಬಾಯಲ್ಲಿ. ಎರಡು ಕಿಲೋಮೀಟರಿಗೂ ಉದ್ದ. ಲಾಂಚಿಗೆ ಗಂಟೆಗಟ್ಟಲೆ ಕಾದ ಜಾಗವನ್ನು ಈಗ ನಿಮಿಷಗಳಲ್ಲಿ ದಾಟಬಹುದು. ಸೇತುವೆ ಆಯಿತು, ಆದರೂ ಅತ್ತಿಗೆ ಮೂರು ತಿಂಗಳಾದರೂ ಅದನ್ನು ದಾಟಿರಲಿಲ್ಲ. ತವರಲ್ಲಿ ಅವರ ತಾಯಿಗೆ ಎಪ್ಪತ್ತೆಂಟು ವರ್ಷ, ಕಣ್ಣು ಮಂಜು. ನಾವು 8ಕ್ಕೆ ಹೊರಟ ಮೇಲೆ ಮೂರು ದಿನ ಹೋಗಿಬರೋಣ ಅಂತ ಲೆಕ್ಕ ಹಾಕಿಕೊಂಡಿದ್ದರು. ಆ ಲೆಕ್ಕದ ಮೇಲೆ ನನ್ನ ಹತ್ತು ದಿನ ಬಂದು ಕೂತಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದ ನನ್ನ ರಜೆಗಳನ್ನೆಲ್ಲ ಎಣಿಸಿದೆ. ಒಂದರಲ್ಲಾದರೂ ಅತ್ತಿಗೆ ನನಗಿಂತ ಮೊದಲು ಕೂತು ಉಂಡದ್ದು ನೆನಪಿಗೆ ಬರಲಿಲ್ಲ.

ಬೆಳಿಗ್ಗೆ ಬಚ್ಚಲ ಒಲೆಯ ಮುಂದೆ ಅವರನ್ನು ಹಿಡಿದೆ. "ಅತ್ತಿಗೆ, ನೀವು ನಾಳೆ ತುಮರಿಗೆ ಹೊರಡಿ. ಐದು ದಿನ ಇದ್ದು ಬನ್ನಿ. ಮನೆ ನಾನು ನೋಡ್ಕೋತೀನಿ."

"ನಿಂಗೆಂತ ತಲೆ ಕೆಟ್ಟಿದೆಯಾ ಮಾರಾಯ್ತಿ? ತವರಿಗೆ ಬಂದೋಳನ್ನ ಒಲೆ ಮುಂದೆ ಕೂರಿಸಿ ನಾನು ಹೋಗ್ಲಾ? ಊರವರು ಏನಂತಾರೆ?"

ಊರವರಿಗಿಂತ ಮೊದಲು ಅವ್ವನೇ ಅಂದಳು. "ಮಗಳು ನಾಲ್ಕು ದಿನ ಸುಖವಾಗಿರಲಿ ಅಂದ್ರೆ..." ಅಂತ ಶುರು ಮಾಡಿದಳು. "ಅವ್ವಾ, ಅವರೂ ಒಬ್ಬಳು ಅವ್ವನ ಮಗಳೇ. ಆ ಅವ್ವನಿಗೆ ಕಣ್ಣು ಬೇರೆ ಕಾಣಲ್ಲ" ಅಂದೆ. ಅವ್ವ ಎಲೆಯಡಿಕೆಯ ಚೀಲ ಬಿಚ್ಚಿದಳು. ಅದು ಅವಳ ಒಪ್ಪಿಗೆ. ಅತ್ತಿಗೆ ಹೊರಡುವ ಮುಂಚೆ ಪಾಠ ಒಪ್ಪಿಸಿದರು. ಅವ್ವನ ಬಿ.ಪಿ. ಮಾತ್ರೆ ತಿಂಡಿ ಆದ ಮೇಲೆ, ಕಪ್ಪು ಹಸುವಿಗೆ ಮೊದಲು ಹಿಂಡಿ ಇಟ್ಟರೇ ಹಾಲು. ತಂಬುಳಿಗೆ ಒಂದೆಲಗವನ್ನು ಜೀರಿಗೆ, ಕಾಳುಮೆಣಸಿನ ಜೊತೆ ಒಂದು ಚಮಚ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದ ಮೇಲೆ ಕುದಿಸಬಾರದು.

ಇನ್ನು ನನ್ನ ಐದು ದಿನದ ಕಥೆ. ಐದು ಗಂಟೆಗೆ ಏಳಬೇಕು. ಒದ್ದೆ ಸೌದೆ ಹತ್ತಿಕೊಳ್ಳದೆ ಹೊಗೆಗೆ ಕಣ್ಣು ಕೆಂಪಾಯಿತು. ಕಪ್ಪು ಹಸು ಮೊದಲ ದಿನ ಪಾತ್ರೆಗೆ ಒದ್ದಿತು. ಅಣ್ಣನಿಗೆ ತೋಟಕ್ಕೆ ಹತ್ತು ಗಂಟೆಗೆ ಮಜ್ಜಿಗೆ, ಆಳುಗಳಿಗೆ ಚಹಾ. ಅದರ ನಡುವೆ ಯಜಮಾನರ ಫೋನು: "ಅಕ್ಕಿಗೆ ಎಷ್ಟು ವಿಷಲ್ಲು?" ಮಕ್ಕಳಿಗೆ ಕೆಲಸ ಹಂಚಿದೆ. ಮಗಳಿಗೆ ಪಾತ್ರೆ, ಮಗನಿಗೆ ಅಂಗಳ ಮತ್ತು ಸೌದೆ. "ಅಂಗಳ ಗುಡಿಸೋದು ನಾನಾ?" ಅಂದ. "ಇಕ್ಕೇರಿಯಲ್ಲಿ ಅಳತೆ ಮಾಡಿದೆಯಲ್ಲ, ಇದನ್ನೂ ಅಳೆಯುತ್ತಾ ಗುಡಿಸು" ಅಂದೆ. ನೋಡಿ, ಅಡಿಕೆ ತೋಟ ಅಳೆಯಲು ಅರಸರ ಕಾಲದಿಂದ ಕೋಲಿದೆ. ಮನೆಗೆಲಸ ಅಳೆಯಲು ಯಾರೂ ಕೋಲು ಮಾಡಲಿಲ್ಲ. ನಾವೇ ಮಾಡಿ ನೋಡಿದರೆ ಮಾತ್ರ ಅದರ ಉದ್ದ ತಿಳಿಯುವುದು.

ಎಲ್ಲಕ್ಕಿಂತ ತಮಾಷೆ ಅವ್ವನದು. ಎರಡನೇ ದಿನ, "ಇದೆಂತ ಸಾರು, ಅವಳು ಹೀಗೆ ಮಾಡಲ್ಲ" ಎಂದಳು. ಮೂರನೇ ದಿನ, "ಅವಳು ಮಲಗೋ ಮುಂಚೆ ಕಾಲಿಗೆ ಎಣ್ಣೆ ತಿಕ್ತಾಳೆ" ಅಂದಳು. ನಾಲ್ಕನೇ ದಿನ, "ಅವಳಿಲ್ಲದೆ ಮನೆ ಬಿಕೋ ಅಂತದೆ." ಇಪ್ಪತ್ತು ವರ್ಷದಲ್ಲಿ ಅವ್ವ ಸೊಸೆಯನ್ನು ಹೊಗಳಿದ್ದು ನಾನು ಕೇಳಿದ್ದು ಇದೇ ಮೊದಲು. ಅತ್ತಿಗೆಗೆ ಕೇಳಿಸಬೇಕಿದ್ದ ಮಾತು, ಆಕೆ ಇಲ್ಲದಾಗ ಬಂತು. ಅಂದು ರಾತ್ರಿ ಮಾತಾಡುವ ನೆವದಲ್ಲಿ ಅತ್ತಿಗೆಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಎಣ್ಣೆ ಬಿಸಿ ಮಾಡಿ ತಿಕ್ಕು" ಅಂದರು, ಅಷ್ಟೇ.

ಐದು ದಿನ ಕಳೆದು ಬಂದರು. ಕೈಯಲ್ಲಿ ಒಣಗಿಸಿದ ವಾಟೆಹುಳಿಯ ಗಂಟು, ಒಂದು ಬಾಟಲಿ ಜೇನು. ಸೇತುವೆ ಮೇಲೆ ಬಸ್ಸು ಹೋಗುವಾಗ ಕೆಳಗಿನ ನೀರು ನೋಡಿ ಅಜ್ಜಿಯ ಮನೆ ಯಾವ ಕಡೆ ಇದ್ದೀತು ಅಂತ ಹುಡುಕಿದರಂತೆ. ಅವರ ತಾಯಿಗೆ ಮುಖ ಕಾಣಲಿಲ್ಲವಂತೆ. ಕೈ ಮುಟ್ಟಿ ನೋಡಿ, "ಇಷ್ಟು ಒರಟಾಗಿದೆ, ನನ್ನ ಮಗಳದೇ" ಅಂದರಂತೆ.

"ಚೆನ್ನಾಗಿ ಕೂತು ಉಂಡಿರಾ ಅತ್ತಿಗೆ?" ಕೇಳಿದೆ.

"ಎರಡು ದಿನ ಒಂದು ಲೋಟಾನೂ ತೊಳೀಲಿಲ್ಲ ಕಣೆ. ನನ್ನ ತಮ್ಮನ ಹೆಂಡತಿ ತೊಳೆದಳು. ಮೂರನೇ ದಿನ ಅವಳ ಕೈ ಕಂಡಿತು. ಅವಳನ್ನ ಕೂರಿಸಿ ನಾನೇ ಬಡಿಸಿದೆ."

ಈ ಮಾತು ಕೇಳಿದ ಮೇಲೆ ನಾನು ಹೇಳುವುದು ಏನು ಉಳಿಯಿತು?

ಉಳಿದ ಮೂರು ದಿನ ಒಲೆಯ ಮುಂದೆ ನಾವಿಬ್ಬರೂ ಇದ್ದೆವು. ಒಬ್ಬರು ರುಬ್ಬಿದರೆ ಒಬ್ಬರು ಒಗ್ಗರಣೆ. ಊಟಕ್ಕೆ ಒಟ್ಟಿಗೇ ಕೂತೆವು. ಬೇಕಾದವರು ಬಡಿಸಿಕೊಳ್ಳಲಿ ಅಂತ ಪಾತ್ರೆಗಳನ್ನು ನಡುವೆ ಇಟ್ಟೆವು. ಅಣ್ಣ ಮೊದಲು ತಬ್ಬಿಬ್ಬಾದ, ಆಮೇಲೆ ಸೌಟು ಎಲ್ಲಿದೆ ಅಂತ ಕಂಡುಕೊಂಡ. ಹೊರಡುವ ದಿನ ಅವ್ವನ ಎದುರಿಗೇ, ಮುಂದಿನ ಬೇಸಿಗೆಯಲ್ಲಿ ನಾನು ಬರುವ ದಿನ, ಅತ್ತಿಗೆ ತುಮರಿಗೆ ಹೋಗುವ ದಿನ ಎರಡನ್ನೂ ಮಾತಾಡಿ ಗೊತ್ತು ಮಾಡಿದೆವು.

ಇಲ್ಲಿಗೆ ಬಂದ ಮೂರನೇ ದಿನ ದೀಪಾವಳಿ. ನನ್ನ ನಾದಿನಿ ಮಕ್ಕಳೊಂದಿಗೆ ಬಂದಳು. ಈಗ ಅತ್ತಿಗೆಯ ಜಾಗದಲ್ಲಿ ನಾನು! ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಅವಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಕೇಳಿದವಳು ಏನೂ ಅನ್ನದೆ ಲೋಟ ತೆಗೆದುಕೊಂಡು ಹೋಗಿ ತಾನೇ ತೊಳೆದಿಟ್ಟಳು. ಅದನ್ನು ನೋಡಿ ಯಜಮಾನರು ತಮ್ಮ ಲೋಟವನ್ನೂ ಎತ್ತಿಕೊಂಡು ಒಳಗೆ ಹೋದರು. ಒಂದು ತಿಂಗಳು ತಾನೇ ಬೇಯಿಸಿ ಉಂಡ ಫಲ ಇರಬೇಕು.

ನಿಮ್ಮ ಮನೆಯ ಕ್ಯಾಲೆಂಡರನ್ನೂ ಒಮ್ಮೆ ಹತ್ತಿರದಿಂದ ನೋಡಿ ಸೋದರಿಯರೇ. ಯಾರಾದರೂ ಪೆನ್ಸಿಲ್ಲಿನಲ್ಲಿ ತೆಳುವಾಗಿ ಸುತ್ತು ಹಾಕಿರಬಹುದು.