ಭಂಡಾರ ಬಿದ್ದ ಬಾನೆಟ್

ಭರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋದವರು ದೇವಿಯ ದರ್ಶನ ಮಾಡುತ್ತಾರೆ, ನೈವೇದ್ಯದ ಪಡ್ಡಲಗಿ ತುಂಬಿಸುತ್ತಾರೆ, ಆಮೇಲೆ ನೆರಳು ಹುಡುಕಿ ಊಟಕ್ಕೆ ಕೂಡುತ್ತಾರೆ. ನಾವೂ ಹಾಗೇ. ಆದರೆ ಹೋಳಿಗೆ ಊಟ ಮುಗಿದು ಮನೆಯವರೆಲ್ಲ ಬೇವಿನ ಮರದ ಕೆಳಗೆ ಅಡ್ಡಾದರೆಂದರೆ ನಾನು ಮೆಲ್ಲಗೆ ಎದ್ದು, ಗಾಡಿಗಳು ನಿಂತ ಬಯಲಿನಲ್ಲಿ ಒಂದು ಸುತ್ತು ಹಾಕುತ್ತೇನೆ. ಆ ಸುತ್ತು ಹಾಕದಿದ್ದರೆ ನನಗೆ ಜಾತ್ರೆ ಪೂರ್ತಿಯಾದಂತೆ ಅನಿಸುವುದಿಲ್ಲ.

ಕಣ್ಣು ಹಾಯುವಷ್ಟು ದೂರ ಗಾಡಿಗಳೇ. ಕೊಲ್ಲಾರಿ ಕಟ್ಟಿದ ಚಕ್ಕಡಿಗಳು ಈಗಲೂ ಬರುತ್ತವೆ. ಅವುಗಳ ಮಗ್ಗುಲಲ್ಲೇ ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರ್ ಟ್ರೇಲರುಗಳು, ತಲೆಯ ಮೇಲೆ ಗಂಟುಮೂಟೆ ಹೊತ್ತ ಕ್ರೂಸರುಗಳು, ಟಂಟಂಗಳು, ಸೀಟಿನ ಪ್ಲಾಸ್ಟಿಕ್ ಇನ್ನೂ ಕೀಳದ ಹೊಚ್ಚ ಹೊಸ ಕಾರುಗಳು. ನಂಬರ್ ಪ್ಲೇಟು ಓದುತ್ತ ನಡೆದರೆ ಸಾಕು, ಅರ್ಧ ಗಂಟೆಯಲ್ಲಿ ಎರಡು ರಾಜ್ಯ ತಿರುಗಿದಂತಾಗುತ್ತದೆ. ಕೆಎ 24 ನಮ್ಮದೇ ಬೈಲಹೊಂಗಲದ್ದು, ಕೆಎ 25 ಧಾರವಾಡದ್ದು, ಎಂಎಚ್ 09 ಕೊಲ್ಹಾಪುರದ್ದು, ಎಂಎಚ್ 10 ಸಾಂಗಲಿಯದು. ಎಲ್ಲದರ ಬಾನೆಟ್ಟಿನ ಮೇಲೂ ಒಂದೇ ಹಳದಿ, ತಾಯಿಯ ಭಂಡಾರದ ಅರಿಶಿಣ.

ಈ ಬಯಲಿನಲ್ಲಿ ಪರಿಚಯವಾಗುವ ರೀತಿಯೇ ಬೇರೆ. ಯಾವ ಊರು, ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. "ಆವರೇಜ್ ಎಷ್ಟ ಕೊಡತೈತ್ರಿ?" ಎಂಬಲ್ಲಿಂದ ಮಾತು ಶುರು. ಐದು ನಿಮಿಷದಲ್ಲಿ ಬಾನೆಟ್ ಮೇಲೆದ್ದಿರುತ್ತದೆ, ನಾಲ್ಕು ತಲೆಗಳು ಅದರೊಳಗೆ ಬಾಗಿರುತ್ತವೆ. ಒಬ್ಬ ತಾನು ಪಟ್ಟ ಪಾಡು ಹೇಳುತ್ತಾನೆ, ಇನ್ನೊಬ್ಬ ಅದಕ್ಕೆ ತಾನು ಕಂಡುಕೊಂಡ ಉಪಾಯ ಹೇಳುತ್ತಾನೆ. ಗಾಡಿಯ ಬಗ್ಗೆ ನನಗೆ ಗೊತ್ತಿರುವ ಮುಕ್ಕಾಲು ಪಾಲು ಹೀಗೆ ನಿಂತಲ್ಲಿ, ಹೆಸರು ಕೇಳದ ಜನರಿಂದ ಬಂದದ್ದು.

ನನ್ನ ಗಾಡಿ ತಂದೆಯವರು ಕೊಂಡ 1998ರ ಬಿಳಿ ಮಾರುತಿ 800. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಕಾರ್ಬುರೇಟರು, ಚಳಿಯ ಮುಂಜಾನೆ ಎಳೆಯಬೇಕಾದ ಚೋಕ್. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ ದೆಹಲಿಯಲ್ಲಿ ಗಿರಾಕಿಯ ಕೈಸೇರಿದಾಗ ನಮ್ಮ ಕಡೆ ಕಾರೆಂದರೆ ಅಂಬಾಸಿಡರ್ ಇಲ್ಲವೇ ಫಿಯೆಟ್. 2014ರಲ್ಲಿ ಮಾರುತಿ 800 ನಿಂತಿತು. ಅದೇ ವರ್ಷ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರೂ ನಿಂತಿತು. ಒಂದರ ಕಾಲ ಮುಗಿಸಲು ಬಂದದ್ದು ಇನ್ನೊಂದು. ಕೊನೆಗೆ ಎರಡೂ ಜೊತೆಯಾಗಿಯೇ ಹೋದವು. ಆಮೇಲೆ ಇವನ್ನು ಇಟ್ಟುಕೊಂಡವರೆಲ್ಲ ಒಂದೇ ಬಳಗದವರಾದೆವು. ದೂರದಿಂದಲೇ ಒಬ್ಬರನ್ನೊಬ್ಬರು ಗುರುತಿಸಿ ಕೈ ಎತ್ತುತ್ತೇವೆ.

ಹಾಗೆ ಗುರುತಾದವರು ಕೊಲ್ಹಾಪುರದ ಒಬ್ಬ ಹಿರಿಯರು. ಅವರದು ಮಾರ್ಕ್ 4 ಅಂಬಾಸಿಡರ್. ಮೊದಲು ಸಿಕ್ಕ ದಿನ ನಾನು ನನ್ನ ಬಿಳಿ ಬಾನೆಟ್ಟಿನ ಮೇಲೆ ದಟ್ಟವಾಗಿ ಬಿದ್ದಿದ್ದ ಭಂಡಾರವನ್ನು ಒಣ ಅರಿವೆಯಿಂದ ಒರೆಸುತ್ತ ನಿಂತಿದ್ದೆ. ಅವರು ಓಡಿಬಂದವರಂತೆ ಬಂದು ನನ್ನ ಕೈ ಹಿಡಿದರು.

"ತಮ್ಮಾ, ಒಣ ಅರಿವಿಲೆ ತಿಕ್ಕಬ್ಯಾಡೋ. ಭಂಡಾರದಾಗ ಮಣ್ಣು ಕೂಡಿರತೈತಿ, ಬಣ್ಣಾ ಕೆರದ ಬಿಡತೈತಿ. ಮೊದಲ ನೀರ ಸುರುವು."

"ಸಾಬಾಣ ಹಚ್ಚಲೇನ್ರಿ ಕಾಕಾ?"

"ಸಾಬಾಣ ಹಚ್ಚಿದಿ ಅಂದ್ರ ಕುಂಕುಮ ಆಗತೈತಿ ನೋಡು. ಬರೇ ನೀರ ಹಾಕು. ಉಳದದ್ದನ್ನ ಸೂರ್ಯಪ್ಪಗ ಬಿಡು."

ಆ ಮಾತಿನಲ್ಲಿ ಎಷ್ಟು ತಿಳಿವಳಿಕೆ ಇದೆ ಎಂಬುದು ಆಮೇಲೆ ಯೋಚಿಸಿದಾಗ ಹೊಳೆಯಿತು. ಅರಿಶಿಣಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆಂಬುದು ಆರತಿಯ ನೀರು ಕಲಸುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಸಾಬೂನಿನ ಕ್ಷಾರವೂ ಅದನ್ನೇ ಮಾಡುತ್ತದೆ. ಇನ್ನು ಅರಿಶಿಣದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಅರಿಶಿಣ ತಾಗಿದ ಬಟ್ಟೆಯನ್ನು ಅವ್ವ ನೀರಲ್ಲಿ ಅದ್ದಿ ಬಿಸಿಲಿಗೆ ಹರವುತ್ತಿದ್ದದ್ದು ಇದಕ್ಕೇ. ಮನೆಯ ಹಿತ್ತಲಿನಲ್ಲಿದ್ದ ವಿದ್ಯೆಯನ್ನು ಆ ಕಾಕಾ ಬಾನೆಟ್ಟಿಗೆ ತಂದಿದ್ದರು. ನಾನು ನೀರು ಸುರುವಿ, ಮೆತ್ತಗೆ ಕೈಯಾಡಿಸಿ ಬಿಟ್ಟೆ. ಮೂರು ದಿನದ ಮಾಘದ ಬಿಸಿಲಿಗೆ ಹಳದಿ ತಾನೇ ಹಾರಿಹೋಯಿತು.

ಕೈಯಾಡಿಸುವುದು ಅಂದೆನಲ್ಲ, ಅದನ್ನು ನಾನು ಮೊದಲು ಕಂಡದ್ದು ಅಜ್ಜನಲ್ಲಿ. ಮುನವಳ್ಳಿ ಕಡೆಯ ಹಳ್ಳಿ ನಮ್ಮದು. ಜಾತ್ರೆಗೆ ಹೊರಡುವ ಹಿಂದಿನ ದಿನ ಅಜ್ಜ ಎತ್ತುಗಳನ್ನು ಮಲಪ್ರಭೆಗೆ ಹೊಡೆದುಕೊಂಡು ಹೋಗಿ ಮೈ ತಿಕ್ಕುತ್ತಿದ್ದ. ತಿಕ್ಕುವಾಗ ಅವನ ಕಣ್ಣು ಎಲ್ಲೋ ಇರುತ್ತಿತ್ತು, ಕೈ ಮಾತ್ರ ಎತ್ತಿನ ಮೈಮೇಲೆ ಏನನ್ನೋ ಓದುತ್ತಿತ್ತು. ನೊಗ ತಾಗಿ ಹೆಗಲು ಬಾತಿದೆಯೇ, ಕಿವಿಯ ಸಂದಿಯಲ್ಲಿ ಉಣ್ಣಿ ಕಚ್ಚಿದೆಯೇ, ಗೊರಸಿನಲ್ಲಿ ಜಾಲಿ ಮುಳ್ಳು ಮುರಿದಿದೆಯೇ, ಎಲ್ಲವೂ ಅವನಿಗೆ ಬೆರಳ ತುದಿಯಲ್ಲೇ ತಿಳಿಯುತ್ತಿತ್ತು. "ಕಣ್ಣು ಮ್ಯಾಲ ನೋಡತಾವು, ಕೈ ಒಳಗ ನೋಡತೈತಿ" ಅನ್ನುತ್ತಿದ್ದ. ಆಮೇಲೆ ಚಕ್ಕಡಿಯ ಸರದಿ. ಕಡಾಣಿ ಬಿಚ್ಚಿ, ಗಾಲಿ ಸರಿಸಿ, ಅಚ್ಚಿಗೆ ಕೀಲೆಣ್ಣೆ ಹಚ್ಚುವುದು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಆ ಎಣ್ಣೆ ಬಿದಿರಿನ ಗೊಟ್ಟದಲ್ಲಿ ಗಾಡಿಯ ಕೆಳಗೆ ಸದಾ ತೂಗುತ್ತಿತ್ತು. ದಾರಿಯಲ್ಲಿ ಇನ್ನೊಬ್ಬರ ಗಾಲಿ ಕಿರುಗುಟ್ಟಿದರೆ ಅಜ್ಜ ಕೇಳದೆಯೇ ಗೊಟ್ಟ ಬಿಚ್ಚುತ್ತಿದ್ದ. ಕೀಲೆಣ್ಣೆ ಕೊಟ್ಟದ್ದಕ್ಕೆ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಬಯಲಿನ ಈ ಮಾತುಕತೆಯೂ ನನಗೆ ಅದೇ ಎಣ್ಣೆಯಂತೆ ಕಾಣುತ್ತದೆ.

ನಮ್ಮ ಕಡೆಯ ಉಪಾಯಗಳೆಲ್ಲ ನಮ್ಮ ನೆಲದಿಂದಲೇ ಹುಟ್ಟಿದವು. ಎರೆಮಣ್ಣನ್ನೇ ನೋಡಿ. ಹತ್ತಿಗೂ ಜೋಳಕ್ಕೂ ತಾಯಿಯಂಥದು; ಕಾರಿಗೆ ಮಾತ್ರ ಅಂಟಿದರೆ ಬಿಡದು. ಮಳೆಗಾಲದಲ್ಲಿ ಹೊಲದ ದಾರಿ ತುಳಿದುಬಂದ ಗಾಡಿಯ ಮಡ್‌ಗಾರ್ಡಿನೊಳಗೆ ಅದು ಗಚ್ಚಿನಂತೆ ಕೂರುತ್ತದೆ, ಒಳಗೊಳಗೇ ಹಸಿ ಹಿಡಿದಿಟ್ಟು ತಗಡನ್ನು ತಿನ್ನುತ್ತದೆ. ಬೈಲಹೊಂಗಲದ ಒಬ್ಬ ಮಿಸ್ತ್ರಿ ನನಗೆ ತೋರಿಸಿದ್ದು ಇದು: ಬಾಗಿಲಿನ ಕೆಳಅಂಚಿನಲ್ಲಿ ನೀರು ಇಳಿಯಲು ಸಣ್ಣ ಸಣ್ಣ ತೂತುಗಳಿರುತ್ತವೆ. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲಿನೊಳಗೆ ಇಳಿದು, ಅಲ್ಲಿಂದ ಹೊರಗೆ ಹೋಗಬೇಕು. ಆತ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು, ಆ ತೂತಿನೊಳಗೆ ತೂರಿಸಿ ತಿರುವಿದ. ಕಪ್ಪು ನೀರು ಒಂದು ಬಟ್ಟಲಿನಷ್ಟು ಸುರಿಯಿತು. ಅದರೊಂದಿಗೆ ಬೇವಿನ ಎಲೆಯ ನಾರು, ಹತ್ತಿಯ ಒಂದು ಎಳೆ. ಹೊರಗೆ ಮಿರಿಮಿರಿ ಮಿಂಚುತ್ತಿದ್ದ ಬಾಗಿಲು ಎಷ್ಟು ದಿನದಿಂದ ಆ ನೀರು ಹೊತ್ತಿತ್ತೋ! ಅಂದಿನಿಂದ ಒಂದು ಕಸಬರಿಗೆ ಕಡ್ಡಿ ನನ್ನ ಪಾನಾಗಳ ಜೊತೆಯಲ್ಲೇ ಇದೆ.

ನಮ್ಮ ಬೋರ್‌ವೆಲ್ಲುಗಳ ಸವಳು ನೀರು ಇನ್ನೊಂದು ಪಾಠ. ಕುಡಿದರೆ ನಾಲಿಗೆಗೆ ತಿಳಿಯುವ ಆ ಉಪ್ಪು, ರೇಡಿಯೇಟರಿನಲ್ಲಿ ಪದರು ಪದರಾಗಿ ಕೂತು ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಬ್ಯಾಟರಿಗೂ ಅಷ್ಟೇ, ಭಟ್ಟಿ ಇಳಿಸಿದ ನೀರೇ ಬೇಕು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರವಿದ ರಾಶಿಯದು ಇದಕ್ಕಿಂತ ದೊಡ್ಡ ಭಯ. ಒಣ ಹೊಟ್ಟು ಗಾಡಿಯ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಂಡ ಕಾರುಗಳ ಸುದ್ದಿ ನಮ್ಮ ರಾಜ್ಯದಲ್ಲಿ ಪ್ರತಿ ಸುಗ್ಗಿಗೂ ಬರುತ್ತದೆ. ಹೊಟ್ಟಿನ ಮೇಲೆ ಹಾಯದಿರುವುದೇ ಒಳ್ಳೆಯದು. ಹಾಯಲೇಬೇಕಾಯಿತೋ, ದಾಟಿದ ಕೂಡಲೇ ನಿಲ್ಲಿಸಿ ಬಗ್ಗಿ ನೋಡಬೇಕು.

ಗುಡ್ಡ ಇಳಿಯುವ ವಿದ್ಯೆ ಹೇಳಿಕೊಟ್ಟವನು ಒಬ್ಬ ಕ್ರೂಸರ್ ಚಾಲಕ. "ಸರ, ಯಾವ ಗೇರಿನ್ಯಾಗ ಏರ್ತೀರಿ, ಅದ ಗೇರಿನ್ಯಾಗ ಇಳೀರಿ. ಎಣ್ಣಿ ಉಳಸಾಕ ನ್ಯೂಟ್ರಲ್ ಮಾಡಬ್ಯಾಡ್ರಿ" ಎಂದ. ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟರೆ ಬ್ರೇಕು ಕಾಯುವುದಿಲ್ಲ. ಎಂಜಿನ್ ಬಂದ್ ಮಾಡಿ ಜಾರಬಿಟ್ಟರೆ ಬ್ರೇಕಿಗೆ ಅದರಿಂದ ಸಿಗುವ ಬಲವೂ ತಪ್ಪುತ್ತದೆ. ನಿಪ್ಪಾಣಿ ಕಡೆಯವರೊಬ್ಬರು ಇಲಿ ವೈರು ಕಡಿಯದಿರಲೆಂದು ಬಾನೆಟ್ಟಿನ ಮೂಲೆಯಲ್ಲಿ ತಂಬಾಕಿನ ಎಲೆ ಇಟ್ಟಿದ್ದರು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಕಚ್ಚಿಕೊಳ್ಳುತ್ತದೆ, ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ ಎಂದರು ಮತ್ತೊಬ್ಬರು. ಗಾಲಿಗೆ ಕಲ್ಲು ಕೊಡುವುದು ಅಜ್ಜನ ಕಾಲದಿಂದಲೂ ಇದ್ದದ್ದೇ. ಟೈರಿನ ವಯಸ್ಸು ಓದುವುದನ್ನು ಕಲಿಸಿದವನು ಪಂಕ್ಚರ್ ಅಂಗಡಿಯ ಹುಡುಗ. ಟೈರಿನ ಮಗ್ಗುಲಿಗೆ ನಾಲ್ಕು ಅಂಕಿ ಒತ್ತಿರುತ್ತಾರೆ. 3421 ಎಂದಿದ್ದರೆ ಅದು 2021ರ 34ನೆಯ ವಾರದಲ್ಲಿ ತಯಾರಾದದ್ದು. ಹಲ್ಲು ಸವೆಯದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ ಎಂದು ಆತ ಟೈರಿನ ಸಣ್ಣ ಬಿರುಕುಗಳ ಮೇಲೆ ಉಗುರು ಎಳೆದು ತೋರಿಸಿದ.

ಯಂತ್ರದ ಮೇಲಿನ ಈ ಅಕ್ಕರೆ ನಮ್ಮ ಸೀಮೆಗೆ ಎಲ್ಲಿಂದ ಬಂತು ಎಂದು ಯೋಚಿಸಿದಾಗಲೆಲ್ಲ ನನಗೆ ಗುರ್ಲಹೊಸೂರು ನೆನಪಾಗುತ್ತದೆ. ಸವದತ್ತಿ ತಾಲ್ಲೂಕಿನ ಆ ಊರಿನಲ್ಲೇ 1869ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡುತ್ತ ಮಾಡುತ್ತ 1910ರಲ್ಲಿ ಕಿರ್ಲೋಸ್ಕರವಾಡಿಯ ಕಾರ್ಖಾನೆ ಕಟ್ಟಿದರು. ಕಬ್ಬಿಣ ತಾಗಿದರೆ ನೆಲ ವಿಷವಾದೀತೆಂದು ರೈತರು ಮೊದಮೊದಲು ಆ ನೇಗಿಲು ಮುಟ್ಟಲೇ ಇಲ್ಲವಂತೆ. ಒಬ್ಬ ಹೂಡಿ ನೋಡಿ, ಇನ್ನೊಬ್ಬನಿಗೆ ಹೇಳಿ, ಅವನು ಮಗದೊಬ್ಬನಿಗೆ ಹೇಳಿಯೇ ಅದು ಹೊಲಕ್ಕೆ ಇಳಿದಿರಬೇಕು. ಯಂತ್ರ ಕಾರ್ಖಾನೆಯಲ್ಲಿ ಹುಟ್ಟಿದರೂ ಅದನ್ನು ಬಾಳಿಸುವುದು ಇಂಥ ಬಾಯಿಮಾತೇ.

ಈ ಅಕ್ಕರೆ ನನ್ನಲ್ಲಿ ಒಮ್ಮೆ ಸಡಿಲಾಗಿತ್ತು. ಕೆಲಸದ ಮೇಲೆ ಶಹರದಲ್ಲಿದ್ದ ಎರಡು ವರ್ಷ ಕಾರನ್ನು ಒಂದು ವಾಷಿಂಗ್ ಸೆಂಟರಿಗೆ ಬಿಡುತ್ತಿದ್ದೆ. ಪ್ರತಿ ಭಾನುವಾರ ಕನ್ನಡಿಯಂತೆ ಹೊಳೆಯುತ್ತ ತಿರುಗಿ ಬರುತ್ತಿತ್ತು. ದೀಪಾವಳಿಗೆ ಊರಿಗೆ ಬಂದವನು ಎಷ್ಟೋ ದಿನದ ಮೇಲೆ ಬಕೆಟ್ಟು ಹಿಡಿದು ಅಂಗಳದಲ್ಲಿ ಕೂತೆ. ಬಾಗಿಲಿನ ಕೆಳಗೆ, ಜಾಕ್ ಕೊಡುವ ಜಾಗದ ಹತ್ತಿರ ಬೆರಳು ಹೋಯಿತು. ತಗಡು ಹಪ್ಪಳದಂತೆ ಮುರಿದು ಕೈಗೆ ಬಂತು. ತಂದೆ ಹತ್ತೊಂಬತ್ತು ವರ್ಷ ಕಾಪಾಡಿದ ಗಾಡಿ! ಮುರಿದ ತಗಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಜ್ಜನ ಮಾತು ಆಗ ನನಗೆ ನಿಜವಾಗಿ ಅರ್ಥವಾಯಿತು. ತೊಳೆಯುವುದು ಕೊಳೆ ತೆಗೆಯುವುದಕ್ಕಷ್ಟೇ ಅಲ್ಲ, ಮುಟ್ಟುವುದಕ್ಕೆ. ಹೊಸ ತಗಡು ಬೆಸೆಸಿದೆ. ಅಂದಿನಿಂದ ನನ್ನ ಗಾಡಿಯನ್ನು ನಾನೇ ತೊಳೆಯುತ್ತೇನೆ. ದಸರೆಯ ಖಂಡೆ ಪೂಜೆಯ ಮುಂಜಾನೆಯಂತೂ ಅವಸರವೇ ಇಲ್ಲ. ಚೆಂಡುಹೂವಿನ ಮಾಲೆ ಬೀಳುವ ಮೊದಲು ಒಂದೊಂದು ನಟ್ಟಿಗೂ ಕೈ ತಾಗಿರಬೇಕು.

ಕಳೆದ ಭರತ ಹುಣ್ಣಿಮೆಗೆ ಅಂಬಾಸಿಡರಿನ ಕಾಕಾ ಮತ್ತೆ ಸಿಕ್ಕರು. ಜೊತೆಗೆ ಹತ್ತು ಹನ್ನೆರಡರ ಮೊಮ್ಮಗಳು. 50 ವರ್ಷ ದಾಟಿದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ನಿಯಮ ಬಂದಿದೆಯಲ್ಲ, ನಿಮ್ಮದಕ್ಕೆ ಇನ್ನೆಷ್ಟು ವರ್ಷ ಎಂದು ಕೇಳಿದೆ. "ಅಲ್ಲೀತನಾ ನಾ ಇರಲಿ ಬಿಡಲಿ, ಇಕಿ ಇರತಾಳಲ್ಲ" ಎಂದು ಮೊಮ್ಮಗಳ ತಲೆ ಸವರಿದರು. ಹುಡುಗಿ ಬಾನೆಟ್ಟಿನೊಳಗೆ ಬಾಗಿ ಆಯಿಲ್ ಕಡ್ಡಿ ಎಳೆದಳು. ಹಳೆಯ ಇಳಕಲ್ ಸೀರೆಯ ತುಂಡಿನಿಂದ ಒರೆಸಿ, ಮತ್ತೆ ಅದ್ದಿ, ಎತ್ತಿ, ಬೆಳಕಿಗೆ ಹಿಡಿದಳು. ಎಣ್ಣೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಿದ ಮೇಲೆ ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು. "ಜಿಡ್ಡ ಐತಿ ಅಜ್ಜಾ, ಇನ್ನೂ ನಡೀತೈತಿ." ಕಾಕಾ ಏನೂ ಹೇಳಲಿಲ್ಲ. ಅವರ ಮುಖ ನೋಡಿದರೆ ಸಾಕಿತ್ತು.

ಅಷ್ಟರಲ್ಲಿ ಗುಡ್ಡದ ಮೇಲಿಂದ ಉಧೋ ಉಧೋ ಎಂಬ ಕೂಗು ಇಳಿದುಬಂತು. ಚೌಡಿಕೆಯ ದನಿಯೊಂದಿಗೆ ಹೋಗುತ್ತಿದ್ದ ಹೆಂಗಸರು ಎರಡೂ ಗಾಡಿಗಳ ಮೇಲೆ ಮುಷ್ಟಿ ತುಂಬ ಭಂಡಾರ ಎರಚಿ ಮುಂದೆ ಹೋದರು.

ಮನೆಗೆ ಬಂದು ನೀರು ಸುರುವಿದೆ. ಉಳಿದದ್ದನ್ನು ಸೂರ್ಯಪ್ಪ ನಾಲ್ಕು ದಿನದಲ್ಲಿ ತೆಗೆದ. ಆದರೆ ಬಾನೆಟ್ಟಿನ ಅಂಚಿನ ಒಳಮಡಿಕೆಯಲ್ಲಿ, ಬಿಸಿಲು ಮುಟ್ಟದ ಕಡೆ, ಒಂದು ಹಳದಿ ಗೆರೆ ಈಗಲೂ ಇದೆ. ಎಷ್ಟು ಜಾತ್ರೆಗಳ ಭಂಡಾರವೋ ಅಲ್ಲಿ ಕೂಡಿದೆ, ತಂದೆಯ ಕಾಲದ್ದೂ ಸೇರಿ. ನಿಂತು ನೋಡುವವರಿಗೆ ಅದು ಕಾಣುವುದಿಲ್ಲ. ತೊಳೆಯುವಾಗ ನನ್ನ ಬೆರಳು ಅಲ್ಲಿಗೆ ಹೋಗುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಆ ಗೆರೆಯನ್ನು ಹಾಗೇ ಬಿಟ್ಟು ಮುಂದೆ ಸರಿಯುತ್ತದೆ.