ಕಡಮತ್ ದ್ವೀಪದ ಊಟ

ಹೋದ ಮಾಘಮಾಸದಲ್ಲಿ ನಾವು ನಾಲ್ವರು ಮಿತ್ರರು ಕೊಚ್ಚಿಯಲ್ಲಿ ಹಡಗನ್ನೇರಿ, ಲಕ್ಷದ್ವೀಪದ ಕಡಮತ್ತಿಗೆ ಹೋಗಿ, ನಾಲ್ಕು ದಿನಗಳನ್ನು ಅಲ್ಲಿ ಸುಖವಾಗಿ ಕಳೆದು ಬಂದೆವು. ದ್ವೀಪದ ಉದ್ದವು ಸುಮಾರು 9 ಕಿಲೋಮೀಟರು. ಅಗಲವಾದರೋ ಅರ್ಧ ಕಿಲೋಮೀಟರಿನಷ್ಟೇ. ಪಶ್ಚಿಮದ ಹವಳದ ದಿಬ್ಬವು ತೆರೆಗಳನ್ನು ದೂರದಲ್ಲಿಯೇ ತಡೆಯುವುದರಿಂದ ಒಳಗಣ ನೀರು ಕೊಳದಂತೆ ಶಾಂತವಾಗಿರುವುದು. ಮುಖಕ್ಕೆ ಗಾಜಿನ ಕವಚವನ್ನು ಕಟ್ಟಿಕೊಂಡು ತೇಲುತ್ತ, ಹವಳದ ಕೊಂಬೆಗಳ ನಡುವೆ ಸುಳಿಯುವ ಬಣ್ಣಬಣ್ಣದ ಮೀನುಗಳನ್ನು ನೋಡುವುದೇ ನಮ್ಮ ನಿತ್ಯದ ವಿನೋದವಾಯಿತು.

ಈಜಿ ದಣಿದವರಿಗೆ ಎಳನೀರು. ಮಧ್ಯಾಹ್ನಕ್ಕೆ ಅನ್ನ, ತೆಂಗಿನಕಾಯಿ ಅರೆದು ಮಾಡಿದ ಟ್ಯೂನಾ ಮೀನಿನ ಸಾರು. ಆ ರುಚಿಯನ್ನು ಏನೆಂದು ಹೇಳಲಿ! ಮೊದಲ ದಿನ ಆಸೆಯಿಂದ ಹೆಚ್ಚು ಬಡಿಸಿಕೊಂಡು ಅರ್ಧ ಅನ್ನವನ್ನು ಬಿಟ್ಟೆನು. ಬಡಿಸುತ್ತಿದ್ದ ವೃದ್ಧರು ಮುನಿಯಲಿಲ್ಲ. ಆ ಮರಳುನೆಲದಲ್ಲಿ ಬತ್ತವು ಬೆಳೆಯದೆಂದೂ, ತಮ್ಮ ಹಿರಿಯರು ತೆಂಗಿನ ನಾರಿನ ಹುರಿಯನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಒಯ್ದು ಅಕ್ಕಿಯನ್ನು ತರುತ್ತಿದ್ದರೆಂದೂ ಮೆಲ್ಲನೆ ತಿಳಿಸಿದರು. 1956ರವರೆಗೆ ಈ ದ್ವೀಪವು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದಿತು. ಮಂಗಳೂರಿನವನಾದ ನಾನು ಅದನ್ನು ಮರೆತಿದ್ದೆನು, ಅವರು ಮರೆತಿರಲಿಲ್ಲ.

ನದಿಯಿಲ್ಲದ ಆ ನೆಲದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುವುದು. ಬಾವಿಗಳಿಗೆ ಅದೇ ಆಧಾರ. ಮರುದಿನದಿಂದ ನಾವು ಸ್ನಾನದ ನೀರನ್ನೂ ಅಳೆದು ಬಳಸಿದೆವು. ತಟ್ಟೆಯಲ್ಲಿ ಒಂದು ಅಗುಳೂ ಉಳಿಯಲಿಲ್ಲ. ವಿನೋದಕ್ಕೆ ಅದರಿಂದ ಕೊರತೆಯೇನೂ ಆಗಲಿಲ್ಲ. ಊಟದ ರುಚಿ ಮಾತ್ರ ಇಮ್ಮಡಿಯಾಯಿತು.